ಮಿದುಳಿನ ಆಜ್ಞೆ ಕೈಗೆ ಮುಟ್ಟುವ ಹೊತ್ತು

ಅಂಗಿಯ ಗುಂಡಿ ಹಾಕುವಾಗ ಬೆರಳುಗಳು ತಡವರಿಸುತ್ತವೆ. ನಡೆಯುವಾಗ ಕಾಲು ಬಿಗಿಯುತ್ತದೆ. ಮನೆಯವರು ‘ವಯಸ್ಸಾಯಿತಲ್ಲ’ ಎನ್ನುತ್ತಾರೆ. ಹಿರಿಯರೂ ಅದನ್ನೇ ನಂಬಿ ಸುಮ್ಮನಾಗುತ್ತಾರೆ. ಆದರೆ ಕತ್ತಿನ ಮೂಳೆಗಳು ಸವೆದು ಬೆನ್ನುಹುರಿಯು ಒತ್ತಡಕ್ಕೆ ಸಿಲುಕಿದಾಗಲೂ ಇವೇ ಲಕ್ಷಣಗಳು ತೋರುತ್ತವೆ. ಚಿಕಿತ್ಸೆ ತಡವಾದಷ್ಟೂ ಕಳೆದುಹೋದ ಶಕ್ತಿ ಮರಳುವುದು ಕಷ್ಟ. ಆದುದರಿಂದ ದೋಷವಿರುವುದು ಕೈಯ ನರದಲ್ಲೋ, ಮಿದುಳಿನಿಂದ ಬೆನ್ನುಹುರಿಗಿಳಿಯುವ ಚಾಲಕ ಮಾರ್ಗದಲ್ಲೋ ಎಂಬುದು ಬೇಗನೆ ತಿಳಿಯಬೇಕು.

ಈ ಮಾರ್ಗದ ವೇಗವನ್ನು ಅಳೆಯುವುದು ಬಹುಕಾಲ ದುಸ್ಸಾಧ್ಯವಾಗಿತ್ತು. ೧೯೮೦ರಲ್ಲಿ ಲಂಡನ್ನಿನ ಮರ್ಟನ್ ಮತ್ತು ಮಾರ್ಟನ್ ಎಂಬ ವಿಜ್ಞಾನಿಗಳು ನೆತ್ತಿಯ ಮೇಲಿಂದ ವಿದ್ಯುತ್ತನ್ನು ಹಾಯಿಸಿ ಮಿದುಳನ್ನು ಪ್ರಚೋದಿಸಿದರು. ಆದರೆ ತಲೆಬುರುಡೆಯು ವಿದ್ಯುತ್ತನ್ನು ತಡೆಯುತ್ತದೆ. ಅದನ್ನು ದಾಟಿಸುವಷ್ಟು ಬಲವಾದ ಆಘಾತ ರೋಗಿಗೆ ನೋವುಂಟುಮಾಡುತ್ತಿತ್ತು. ೧೯೮೫ರಲ್ಲಿ ಶೆಫೀಲ್ಡಿನ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಕಾಂತಶಕ್ತಿಯಿಂದ ಅದೇ ಕಾರ್ಯವನ್ನು ನೋವಿಲ್ಲದೆ ಸಾಧಿಸಿದರು. ಬದಲಾಗುವ ಕಾಂತಕ್ಷೇತ್ರವು ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಫ್ಯಾರಡೆ ೧೮೩೧ರಲ್ಲಿಯೇ ಕಂಡುಕೊಂಡಿದ್ದನು. ಕಾಂತಕ್ಷೇತ್ರಕ್ಕೆ ಎಲುಬು ಅಡ್ಡಿಯಲ್ಲ. ಇಲ್ಲಿ ‘ಬದಲಾಗುವ’ ಎಂಬ ಮಾತನ್ನು ಓದುಗರು ಗಮನಿಸಬೇಕು. ಜಾತ್ರೆಗಳಲ್ಲಿ ಮಾರುವ ಕಾಂತದ ಬಳೆಯ ಕ್ಷೇತ್ರ ಬದಲಾಗುವುದಿಲ್ಲ. ಆ ಬಳೆಗೂ ಈ ಪರೀಕ್ಷೆಗೂ ಯಾವ ನಂಟೂ ಇಲ್ಲ.

ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಅಂಗೈಯ ಸಣ್ಣ ಸ್ನಾಯುವಿನ ಮೇಲೆ ತಂತಿಗಳನ್ನು ಅಂಟಿಸುತ್ತಾರೆ. ನೆತ್ತಿಯ ಬಳಿ ಹಿಡಿದ ತಾಮ್ರದ ಸುರುಳಿಯಲ್ಲಿ ಕ್ಷಣಾಂಶಕಾಲ ಪ್ರಬಲ ವಿದ್ಯುತ್ತು ಹರಿದು ‘ಟಕ್’ ಎಂದೊಡನೆ ಬೆರಳು ತಾನೇ ಮಿಡಿಯುತ್ತದೆ. ಆರೋಗ್ಯವಂತರಲ್ಲಿ ಇದಕ್ಕೆ ಹಿಡಿಯುವ ಕಾಲ ಸುಮಾರು ೨೦ ಮಿಲಿಸೆಕೆಂಡು. ಬಳಿಕ ಸುರುಳಿಯನ್ನು ಕತ್ತಿನ ಹಿಂಬದಿಗೆ ತಂದು, ನರಗಳು ಹೊರಡುವ ಮೂಲದಲ್ಲಿ ಪ್ರಚೋದಿಸುತ್ತಾರೆ. ಮೊದಲಿನದರಿಂದ ಎರಡನೆಯದನ್ನು ಕಳೆದರೆ ಉಳಿಯುವ ೬ರಿಂದ ೮ ಮಿಲಿಸೆಕೆಂಡು ಮಿದುಳು ಬೆನ್ನುಹುರಿಗಳ ಪ್ರಯಾಣಕಾಲ. ಈ ಉಳಿಕೆಯು ಹಿಗ್ಗಿದ್ದರೆ ದೋಷ ಕೈಯ ನರದಲ್ಲಲ್ಲ, ಅದರ ಮೇಲ್ಗಡೆ ಇದೆ ಎಂದರ್ಥ. ನರತಂತುಗಳ ಹೊದಿಕೆ ಕಳಚುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗದಲ್ಲಿ ವಿಳಂಬ ಬಹಳವಾಗಬಹುದು. ಚಾಲಕ ನರಕೋಶಗಳೇ ನಶಿಸುವ ರೋಗದಲ್ಲಿ ವಿಳಂಬಕ್ಕಿಂತಲೂ ಉತ್ತರವೇ ಕ್ಷೀಣವಾಗುವುದು ಹೆಚ್ಚು.

ಪಾರ್ಶ್ವವಾಯು ಬಡಿದವರ ಮನೆಯಲ್ಲಿ ಎಲ್ಲರೂ ಕೇಳುವುದು ಒಂದೇ: ಕೈ ಮತ್ತೆ ಬಂದೀತೇ? ಮೊದಲ ದಿನಗಳಲ್ಲಿಯೇ ನಿಶ್ಚಲವಾದ ಕೈಯಿಂದ ಈ ಪ್ರಚೋದನೆಗೆ ಉತ್ತರ ಬಂದರೆ ಮಾರ್ಗವು ಪೂರ್ಣ ಕಡಿದಿಲ್ಲವೆಂದು ತಿಳಿದು, ವೈದ್ಯರು ಹೆಚ್ಚು ಭರವಸೆಯಿಂದ ಮಾತನಾಡಬಲ್ಲರು. ಮಾರ್ಗ ಸರಿಯಿದ್ದೂ ಕೈ ಏಳದವರು ಇದ್ದಾರೆ. ಅದನ್ನು ನಟನೆಯೆಂದು ಹೀಗಳೆಯುವುದು ಅನ್ಯಾಯ. ಅದೂ ಚಿಕಿತ್ಸೆಗೆ ಅರ್ಹವಾದ ಒಂದು ರೋಗವೇ.

ದೋಷಕ್ಕೆ ಕಾರಣವೇನೆಂಬುದನ್ನು ಈ ಪರೀಕ್ಷೆ ಹೇಳಲಾರದು, ಅದಕ್ಕೆ ಎಂ.ಆರ್.ಐ. ಮೊದಲಾದವು ಬೇಕೇ ಬೇಕು. ತಲೆಯೊಳಗೆ ಲೋಹದ ತುಣುಕು, ಕಿವಿಯೊಳಗೆ ಶ್ರವಣಯಂತ್ರ, ಎದೆಯಲ್ಲಿ ಪೇಸ್‌ಮೇಕರ್ ಇರುವವರೂ ಮೂರ್ಛೆರೋಗವಿರುವವರೂ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು. ಉಳಿದವರು ಪರೀಕ್ಷೆ ಮುಗಿದೊಡನೆ ಎದ್ದು ಮನೆಗೆ ನಡೆಯಬಹುದು.