ಸೂಕ್ಷ್ಮದರ್ಶಕದಿಂದ ಎಲೆಅಡಿಕೆ ಚೀಲದವರೆಗೆ

ಪಂಚೆಯನ್ನು ಸೊಂಟಕ್ಕೆ ಬಿಗಿದುಟ್ಟು, ವರ್ಷಾನುವರ್ಷ ಒಂದೇ ತಾಣದಲ್ಲಿ ಬಟ್ಟೆಯುಜ್ಜುವುದರಿಂದ ಚರ್ಮವು ಕಪ್ಪಾಗಿ ಒರಟಾಗಿ, ಎಲ್ಲೋ ಒಬ್ಬಿಬ್ಬರಿಗೆ ಅಲ್ಲಿಯೇ ಅರ್ಬುದವು ತಲೆದೋರುವುದುಂಟೆಂದು ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ದರಕ್ಕಾಗಿ ಕಾದಿರುವ ರೈತರಿಗೆ ಹೇಳಿದರೆ ಅವರು ನಕ್ಕಾರು. ಆದರೆ ರೋಗಶಾಸ್ತ್ರಜ್ಞ ವಸಂತ ರಾಮಜಿ ಖಾನೋಲ್ಕರರು ಸೂರ್ಯಾಬಾಯಿಯವರೊಡಗೂಡಿ 1945ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಪ್ರಬಂಧವು ಇದನ್ನೂ, ಸುಣ್ಣ ಬೆರೆಸಿದ ಹೊಗೆಸೊಪ್ಪನ್ನು ಕೆಳತುಟಿಯೊಳಗೆ ಇರಿಸಿಕೊಳ್ಳುವವರಲ್ಲಿ ಕಾಣುವ ಖೈನಿ ಅರ್ಬುದವನ್ನೂ, ಜನರ ರೂಢಿಗಳಿಂದ ಹುಟ್ಟುವ ವ್ಯಾಧಿಗಳೆಂದು ವೈದ್ಯಲೋಕಕ್ಕೆ ಪರಿಚಯಿಸಿತು.

ಲಂಡನ್ನಿನಲ್ಲಿ ವ್ಯಾಸಂಗ ಮಾಡಿ ಬಂದು, 1941ರಲ್ಲಿ ಬಾಗಿಲು ತೆರೆದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗಶಾಲೆಗಳ ಹೊಣೆ ಹೊತ್ತ ಖಾನೋಲ್ಕರರಿಗೆ (1895–1978) ಪದ್ಮಭೂಷಣವೂ ಅಂತಾರಾಷ್ಟ್ರೀಯ ಅರ್ಬುದ ಸಂಘದ ಅಧ್ಯಕ್ಷಪದವಿಯೂ ದೊರೆತವು. ಬಿರುದುಗಳ ಮಾತು ಅಷ್ಟು ಸಾಕು. ಗಾಜಿನ ಮೇಲಿನ ಅಂಗಾಂಶವು ರೋಗವೇನೆಂಬುದನ್ನು ಹೇಳೀತೇ ಹೊರತು ಅದು ಈ ಮನುಷ್ಯನಿಗೆ ಏತಕ್ಕೆ ಬಂದಿತೆಂಬುದನ್ನು ಹೇಳಲಾರದು. ಆ ಉತ್ತರಕ್ಕಾಗಿ ಸೂಕ್ಷ್ಮದರ್ಶಕವನ್ನು ಬಿಟ್ಟೆದ್ದು ರೋಗಿಯ ಚೀಲವನ್ನೂ ಉಡಿಗೆಯನ್ನೂ ವಿಚಾರಿಸಬೇಕೆಂಬ ಹಟವೇ, ನನ್ನ ಮಟ್ಟಿಗೆ, ಅವರ ವಿದ್ವತ್ತಿನ ಸಾರ. ತಿರುವಾಂಕೂರಿನ ತಾಂಬೂಲಪ್ರಿಯರ ಬಾಯಿಯ ಅರ್ಬುದವನ್ನು ಕುರಿತು ಆರ್ ಎಂಬ ವೈದ್ಯರು 1933ರಲ್ಲಿಯೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದರು. ಖಾನೋಲ್ಕರರು 1944ರಲ್ಲಿ ಮುಂಬಯಿಯ ಒಂದು ಸಾವಿರ ರೋಗಿಗಳ ವೃತ್ತಾಂತವನ್ನು ಒಟ್ಟಿಗೆ ಪರಿಶೀಲಿಸಿದರು; 1955ರಲ್ಲಿ ಸಾಂಘ್ವಿ ಮತ್ತು ರಾವ್ ಅವರೊಡನೆ, ಸೇದುವುದನ್ನೂ ಅಗಿಯುವುದನ್ನೂ ಬೇರೆಬೇರೆಯಾಗಿ ಎಣಿಸಿ, ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟಿಸಿದರು. ಇದಕ್ಕೆ ಐದು ವರ್ಷ ಮುಂಚೆ ಡಾಲ್ ಮತ್ತು ಹಿಲ್ ಅವರು ಧೂಮಪಾನಕ್ಕೂ ಶ್ವಾಸಕೋಶದ ಅರ್ಬುದಕ್ಕೂ ಇರುವ ನಂಟನ್ನು ಅದೇ ಪತ್ರಿಕೆಯಲ್ಲಿ ತೋರಿಸಿದ್ದರಾದರೂ, ಹೊಗೆಯಿಲ್ಲದೆ ಅಗಿಯುವವರ ಲೆಕ್ಕವನ್ನು ನಮ್ಮ ದೇಶದವರೇ ಇಡಬೇಕಾಗಿತ್ತು.

ಆ ಲೆಕ್ಕ ಕನ್ನಡನಾಡಿನಲ್ಲಿಯೂ ಮುಂದುವರಿಯಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಲ್ಲಿ ಮೊದಲಾದ ಅರ್ಬುದ ನೋಂದಣಿಯನ್ನು ಆಧಾರವಾಗಿಟ್ಟುಕೊಂಡು ನಂದಕುಮಾರ್ ಮತ್ತು ಸಂಗಡಿಗರು, ಬಾಯಿಯ ಅರ್ಬುದವುಳ್ಳ 348 ಮಂದಿಯನ್ನು ಅವರವರ ವಾಸಸ್ಥಳದ, ಅದೇ ವಯಸ್ಸಿನ ನಿರೋಗಿಗಳೊಡನೆ ಹೋಲಿಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಓದುಗರು ತಮ್ಮ ಮನೆಯ ಸಂಗತಿಯೆಂದೇ ಓದಬಹುದು. ಹೊಗೆಸೊಪ್ಪಿನೊಡನೆ ಎಲೆಅಡಿಕೆ ಹಾಕುವ ಹೆಂಗಸರಿಗೆ ಅಪಾಯವು ಹಾಕದವರಿಗಿಂತ ಸುಮಾರು 25 ಪಟ್ಟು ಹೆಚ್ಚೆಂದೂ, ಬಾಯಲ್ಲಿರಿಸಿಕೊಂಡೇ ನಿದ್ರಿಸುವವರಿಗೂ ಅಪಾಯವು ಬಹಳವೆಂದೂ ಅದು ಕಂಡಿತು. ಮಾತ್ರವಲ್ಲ, ರಾಗಿಯನ್ನೇ ಮುಖ್ಯ ಆಹಾರವಾಗಿ ಉಣ್ಣುವವರಲ್ಲಿಯೂ ಅಪಾಯ ಅಧಿಕವೆಂಬ ಅನಿರೀಕ್ಷಿತ ಮಾತನ್ನು ಆಡಿತು. ಮುದ್ದೆಯುಣ್ಣುವ ನಾಡು ಇದರಿಂದ ಬೆದರಬೇಕಿಲ್ಲ: ಒಂದು ಅಧ್ಯಯನದಲ್ಲಿ ತೋರಿದ ಸಂಬಂಧವು ಕಾರಣವೆನಿಸದು, ಬಡತನ ಮೊದಲಾದ ಸಂಗತಿಗಳು ರಾಗಿಯ ಮರೆಯಲ್ಲಿ ನಿಂತಿರಲೂಬಹುದು. ಹೊಗೆಸೊಪ್ಪಿನ ವಿಷಯದಲ್ಲಿ ಆ ಸಂದೇಹಕ್ಕೆ ಎಡೆಯಿಲ್ಲ; ಅಗಿಯುವ ವರ್ಷಗಳೂ ದಿನದ ಸಲಗಳೂ ಏರಿದಂತೆಲ್ಲ ಅಪಾಯವೂ ಏರಿತ್ತು.

ನಮ್ಮ ತೋಟಗಳಿಗೆ ಇನ್ನೂ ಸಮೀಪದ ಮಾತೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು 1985ರಲ್ಲಿ ಹೊಗೆಸೊಪ್ಪು ಬೆರೆತ ತಾಂಬೂಲವನ್ನು ಅರ್ಬುದಕಾರಕವೆಂದು ನಿರ್ಣಯಿಸಿ, ಹೊಗೆಸೊಪ್ಪಿಲ್ಲದ್ದರ ವಿಷಯದಲ್ಲಿ ಸಾಕ್ಷ್ಯ ಸಾಲದೆಂದಿತ್ತು; 2004ರ ಸಂಪುಟದಲ್ಲಿ ಆ ವಿನಾಯಿತಿಯೂ ಹೋಗಿ, ಅಡಿಕೆಯೇ ಅರ್ಬುದಕಾರಕಗಳ ಮೊದಲನೆಯ ವರ್ಗಕ್ಕೆ ಸೇರಿತು. ತೆಂಗಿನ ನಡುವೆ ಅಡಿಕೆಯನ್ನೂ ಬೆಳೆದು, ಶುಭಕಾರ್ಯಕ್ಕೆ ಬಂದವರಿಗೆ ಅದನ್ನೇ ತಟ್ಟೆಯಲ್ಲಿ ನೀಡುವ ಸೀಮೆಗೆ ಈ ನಿರ್ಣಯವು ರುಚಿಸದಿರುವುದು ಸಹಜ. ಬೆಳೆಗಾರರ ಸಂಕಟವನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರು ಕೆನ್ನೆಯೊಳಗಿನ ಬಿಳಿಯ ಮಚ್ಚೆಯನ್ನು ನೋಡಿ, ಔಷಧ ಬರೆಯುವುದಕ್ಕೆ ಮೊದಲು “ರಾತ್ರಿ ಬಾಯಲ್ಲಿ ಇಟ್ಕೊಂಡೇ ಮಲಗ್ತೀರೇನಮ್ಮ?” ಎಂದು ಕೇಳಿದರೆ, ಖಾನೋಲ್ಕರರ ಹೆಸರನ್ನು ಅವರು ಓದಿರಲಿ ಬಿಡಲಿ, ಕೇಳುತ್ತಿರುವುದು ಆ ಪ್ರಬಂಧಗಳು ಕಲಿಸಿದ ಪ್ರಶ್ನೆಯನ್ನೇ.