ಕಂಡು ಮರೆಯಾಗುವ ಮುದಿ ನಕ್ಷತ್ರ

1596ರ ಆಗಸ್ಟ್. ಜರ್ಮನಿಯ ಪಾದ್ರಿ ಡೇವಿಡ್ ಫ್ಯಾಬ್ರಿಶಿಯಸ್ ಗ್ರಹವೊಂದರ ಸ್ಥಾನ ಅಳೆಯಲು ಹತ್ತಿರದ ನಕ್ಷತ್ರವೊಂದನ್ನು ಗುರುತಾಗಿ ಇಟ್ಟುಕೊಂಡರು. ಅಕ್ಟೋಬರ್ ಹೊತ್ತಿಗೆ ಆ ಗುರುತೇ ಮಾಯ! ದೂರದರ್ಶಕ ಇನ್ನೂ ಬಂದಿರದ ಕಾಲ ಅದು. ಹೊಸದಾಗಿ ಹೊತ್ತಿ ಆರಿಹೋದ ತಾರೆಯಿರಬೇಕೆಂದು ಅವರು ಸುಮ್ಮನಾದರು. ಆದರೆ 1609ರಲ್ಲಿ ಅದು ಅದೇ ಜಾಗದಲ್ಲಿ ಮತ್ತೆ ಹಾಜರ್.

ತಿಮಿಂಗಿಲ ನಕ್ಷತ್ರಪುಂಜದಲ್ಲಿರುವ ಈ ತಾರೆಯ ಹೆಸರು ಮೀರಾ. ನಮ್ಮ ಮೀರಾಬಾಯಿಗೂ ಇದಕ್ಕೂ ಸಂಬಂಧವಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ 'ವಿಸ್ಮಯಕಾರಿ'. ಸುಮಾರು 332 ದಿನಗಳಿಗೊಮ್ಮೆ ಇದು ಬೆಳಗುತ್ತದೆ, ಮತ್ತೆ ಬರಿಗಣ್ಣಿಗೆ ಕಾಣದಷ್ಟು ಮಂಕಾಗುತ್ತದೆ.

ಕಾರಣ, ಮುಪ್ಪು. ಮೀರಾ ಒಂದು ಕೆಂಪು ದೈತ್ಯ. ಇದರ ದ್ರವ್ಯರಾಶಿ ಹೆಚ್ಚುಕಡಮೆ ಸೂರ್ಯನಷ್ಟೇ. ಆದರೆ ಗರ್ಭದಲ್ಲಿದ್ದ ಹೈಡ್ರೋಜನ್ ಎಂದೋ ಮುಗಿದಿದೆ, ಆಮೇಲೆ ಉರಿದ ಹೀಲಿಯಂ ಕೂಡ ತೀರಿದೆ. ಈಗ ಗರ್ಭದ ಸುತ್ತಲಿನ ತೆಳು ಪದರಗಳಲ್ಲಷ್ಟೇ ಉರಿ. ಹೊರಮೈ ಉಬ್ಬಿ ತಣ್ಣಗಾಗಿದೆ. ಸೂರ್ಯನ ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಮೀರಾದ್ದು 3,000 ಡಿಗ್ರಿಗೂ ಕಡಮೆ. ಅದಕ್ಕೇ ಕೆಂಪು ಬಣ್ಣ. ತಣ್ಣಗಾದ ಮೇಲೆ ಬೆಳಕು ಕುಗ್ಗಬೇಕಲ್ಲವೆ? ಮೈಯ ವಿಸ್ತಾರವೇ ಅಗಾಧವಾದ್ದರಿಂದ ಒಟ್ಟಾರೆ ಅದು ಸೂರ್ಯನ ಸಾವಿರಾರು ಪಟ್ಟು ಶಕ್ತಿ ಸೂಸುತ್ತದೆ. ಸೂರ್ಯನ ಜಾಗದಲ್ಲಿ ಮೀರಾವನ್ನಿಟ್ಟರೆ ಭೂಮಿಯ ಕಕ್ಷೆ ಅದರ ಹೊಟ್ಟೆಯೊಳಗೆ!

ಇಷ್ಟು ಸಡಿಲಗೊಂಡ ಮೈ ಸ್ಥಿರವಾಗಿ ನಿಲ್ಲಲಾರದು. ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ತಂಪು ಹೆಚ್ಚಿದಾಗ ವಾತಾವರಣದಲ್ಲಿ ಟೈಟಾನಿಯಂ ಆಕ್ಸೈಡಿನಂಥ ಅಣುಗಳು ಹೆಚ್ಚಿ, ಕಣ್ಣಿಗೆ ಕಾಣುವ ಬೆಳಕನ್ನು ಹೀರುತ್ತವೆ. ಆಗ ಬಹುಪಾಲು ಶಕ್ತಿ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಹೊರಡುತ್ತದೆ. ಎಂದರೆ, ಮೀರಾ ಆರಿಹೋಗುವುದಿಲ್ಲ. ನಮ್ಮ ಕಣ್ಣಿಗೆ ಸಿಗುವ ಪಾಲು ಕುಸಿಯುತ್ತದೆ, ಅಷ್ಟೆ.

ಪ್ರತಿ ಮಿಡಿತದಲ್ಲೂ ಅನಿಲ, ದೂಳು ಹೊರಬೀಳುತ್ತವೆ. 2007ರಲ್ಲಿ 'ಗ್ಯಾಲೆಕ್ಸ್' ಉಪಗ್ರಹದ ಚಿತ್ರಗಳಲ್ಲಿ ಮೀರಾದ ಹಿಂದೆ 13 ಜ್ಯೋತಿರ್ವರ್ಷ ಉದ್ದದ ಬಾಲ ಕಂಡುಬಂತು. ಹೊಗೆಯುಗುಳುತ್ತ ಓಡುವ ಉಗಿಬಂಡಿಯಂತೆ ಅದು 30,000 ವರ್ಷಗಳಿಂದ ಚೆಲ್ಲುತ್ತ ಬಂದ ದ್ರವ್ಯ ಅದು. ಹೀಗೆ ಮೈಯೆಲ್ಲ ಕಳಚಿಹೋದ ಮೇಲೆ ಉಳಿಯುವುದು ಭೂಗಾತ್ರದ ಬಿಸಿ ತಿರುಳು, ಶ್ವೇತ ಕುಬ್ಜ. ಸುಮಾರು 500 ಕೋಟಿ ವರ್ಷಗಳ ನಂತರ ಸೂರ್ಯನೂ ಇದೇ ದಾರಿ ಹಿಡಿಯುತ್ತಾನೆ.

ಜನವರಿಯ ಸಂಜೆ ಕೃತ್ತಿಕೆ ನೆತ್ತಿಗೇರಿದಾಗ ನೈಋತ್ಯದ ಕಡೆ, ನಕ್ಷತ್ರಪಟದ ನೆರವಿನಿಂದ ಮೀರಾವನ್ನು ಹುಡುಕಬಹುದು. ವಾರಕ್ಕೊಮ್ಮೆ ನೆರೆಯ ತಾರೆಗಳೊಡನೆ ಹೋಲಿಸಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಕಾಣದಿದ್ದರೆ ತಾರೀಖಿನ ಮುಂದೆ 'ಕಾಣಲಿಲ್ಲ' ಎಂದು ಬರೆಯಿರಿ. ಅದೂ ಒಂದು ದಾಖಲೆಯೇ.