ಯಂತ್ರ ಬಂದರೂ ಮೊದಲ ಧಾರೆ ನಿಮ್ಮ ಕೈಯಲ್ಲೇ ಇರಲಿ

‘ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು’ ಎಂಬ ಗಾದೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಆಳಿನ ಮೇಲೆ ತಪ್ಪು ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಏನನ್ನು ನೋಡಬೇಕೆಂದು ಅವರಿಗೆ ನಾವು ಹೇಳಿಕೊಟ್ಟಿರುವುದಿಲ್ಲ, ಅಷ್ಟೆ.

ಶಾಂತಿಗ್ರಾಮ ಹೋಬಳಿಯಲ್ಲಿ ಒಂದೆರಡು ಹಸುವಿನಿಂದ ಶುರುಮಾಡಿ ಐದಾರಕ್ಕೆ ಏರಿಸಿಕೊಂಡ ಅಕ್ಕಂದಿರಿಗೆ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ: ಆಳು ಇಡೋಣವೇ, ಹಾಲು ಕರೆಯುವ ಯಂತ್ರ ತರೋಣವೇ? ಧಾರಾಳವಾಗಿ ತನ್ನಿ. ಆದರೆ ಪ್ರತಿ ತೊಟ್ಟಿನ ಮೊದಲ ಎರಡು ಮೂರು ಧಾರೆಯನ್ನು ನೀವೇ ಕಪ್ಪು ತಟ್ಟೆಗೆ ಕರೆದು ನೋಡಿ. ಹಾಲಿನಲ್ಲಿ ಗಂಟು ಕಂಡರೆ, ನೀರುನೀರಾಗಿದ್ದರೆ, ರಕ್ತದ ಎಳೆಯಿದ್ದರೆ ಅದು ಕೆಚ್ಚಲು ಬಾವಿನ ಗುರುತು. ಕೆಚ್ಚಲು ಬಿಸಿಯಾಗಿ ಗಟ್ಟಿಯಾಗಿರುವುದು ಅಂಗೈಗೆ ತಿಳಿಯುತ್ತದೆ, ಯಂತ್ರಕ್ಕೆ ತಿಳಿಯದು. ತಡವಾದರೆ ಆ ತೊಟ್ಟು ಶಾಶ್ವತವಾಗಿ ಬತ್ತಬಹುದು. ನಾಲ್ಕರಲ್ಲಿ ಒಂದು ಹೋದರೆ ಆ ಹಸುವಿನ ಬೆಲೆ ಎಷ್ಟು ಇಳಿಯುತ್ತದೆಂದು ಸಂತೆಗೆ ಹೋದವರಿಗೆ ಗೊತ್ತು. ಕಣ್ಣಿಗೆ ಕಾಣದ ಬಾವೂ ಉಂಟು. ಕಾರಣವಿಲ್ಲದೆ ಹಾಲು ಇಳಿದರೆ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ. ಔಷಧಿ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬೇಡಿ.

ಕೊನೆಯ ಧಾರೆಯೂ ಅಷ್ಟೇ ಮುಖ್ಯ. ಮೊದಲು ಬರುವ ಹಾಲಿಗಿಂತ ಕೊನೆಯ ಹಾಲಿನಲ್ಲಿ ಜಿಡ್ಡು ಹಲವು ಪಟ್ಟು ಹೆಚ್ಚು. ಅವಸರದಲ್ಲಿ ಅರ್ಧಕ್ಕೇ ಬಿಟ್ಟೆದ್ದರೆ ಸಂಘದ ಚೀಟಿಯಲ್ಲಿ ಜಿಡ್ಡು ಇಳಿದಿರುತ್ತದೆ, ನಾವು ಹಿಂಡಿಯನ್ನು ದೂರುತ್ತಿರುತ್ತೇವೆ.

1949ರಲ್ಲಿ ವರ್ಗೀಸ್ ಕುರಿಯನ್ ಗುಜರಾತಿನ ಆಣಂದ್‌ಗೆ ಬಂದಾಗ ಅಲ್ಲಿನ ಹಾಲಿನ ಸಂಘದ ಹಳೆಯ ಯಂತ್ರಗಳು ಪದೇಪದೇ ಕೆಡುತ್ತಿದ್ದವು. ಎಂಜಿನಿಯರ್ ಆದ ಅವರು ಅವನ್ನು ರಿಪೇರಿ ಮಾಡಿಕೊಡುತ್ತಿದ್ದರು. ಕೊನೆಗೆ ಹೊಸ ಯಂತ್ರವನ್ನೇ ಕೊಳ್ಳಿ ಎಂದು ಸಂಘದ ಅಧ್ಯಕ್ಷ ತ್ರಿಭುವನದಾಸ್ ಪಟೇಲರಿಗೆ ಹೇಳಿದರು. ಕೈಯಿಟ್ಟು ನೋಡಿದವರ ಮಾತಾದ್ದರಿಂದ ಅದಕ್ಕೆ ತೂಕವಿತ್ತು. ನೀವೂ ಯಂತ್ರದ ಒಂದೊಂದು ಭಾಗವನ್ನೂ ಬಿಚ್ಚಿ ತೊಳೆದು ಜೋಡಿಸಲು ಕಲಿತ ಮೇಲೆಯೇ ಅದನ್ನು ಆಳಿನ ಕೈಗೆ ಕೊಡಿ.

ಇನ್ನು ಬೆದೆ. ಬೆಳಗಿನ ಜಾವ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಕೊಟ್ಟಿಗೆಗೆ ನೀವೇ ಹೋಗಿ ಐದು ನಿಮಿಷ ಸುಮ್ಮನೆ ನಿಲ್ಲಿ. ಹಸು ಕೂಗುವುದು, ಲೋಳೆ ಸುರಿಸುವುದು ಆಗಲೇ ಕಾಣುವುದು. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಮೇವನ್ನಂತೂ ದಿನವೂ ಹಾಕಲೇಬೇಕು.